ಬ್ಯಾಂಕಿನ ಅಂಗಳದ ಗೆರೆಗಳು

ಬ್ಯಾಂಕಿನ ಗೇಟಿನೊಳಗೆ ಕಾಲಿಟ್ಟೊಡನೆ ನೀವು ಓದುವ ಮೊದಲ ಬರಹ ನೆಲದ ಮೇಲಿರುತ್ತದೆ. ಕಾರು ಎಲ್ಲಿ ನಿಲ್ಲಬೇಕು, ಸ್ಕೂಟರು ಎಲ್ಲಿ, ನಡೆದು ಬರುವವರ ದಾರಿ ಯಾವುದು ಎಂಬುದನ್ನೆಲ್ಲ ಆ ಬಿಳಿಯ ಗೆರೆಗಳು ಅಕ್ಷರದ ಹಂಗಿಲ್ಲದೆ ಹೇಳುತ್ತವೆ. ಅಕ್ಷರ ಬಾರದವರೂ ಓದಬಲ್ಲ ಲಿಪಿ ಅದು. ಆದರೆ ಈ ಲಿಪಿ ಅಳಿಸಿಹೋಗುವಷ್ಟು ಬೇಗ ಬೇರೆ ಯಾವ ಬರಹವೂ ಅಳಿಸುವುದಿಲ್ಲ. ಅಳಿದದ್ದನ್ನು ಗಮನಿಸುವವರೂ ಕಡಿಮೆ.

ಇದೇನು ಅಷ್ಟು ದೊಡ್ಡ ವಿಷಯವೇ ಎಂದು ನೀವು ಕೇಳಬಹುದು. ನವೆಂಬರ್ ತಿಂಗಳನ್ನು ನೆನೆಯಿರಿ. ಪಿಂಚಣಿ ಪಡೆಯುವವರು ತಾವು ಬದುಕಿರುವುದಕ್ಕೆ ಪ್ರಮಾಣಪತ್ರ ಕೊಡಬೇಕಾದ ತಿಂಗಳು ಅದು. ಈಗ ಮೊಬೈಲಿನಲ್ಲಿಯೇ ಆ ಕೆಲಸ ಮುಗಿಸುವ ಅನುಕೂಲ ಬಂದಿದೆಯಾದರೂ, ಕೋಲೂರಿಕೊಂಡು, ಮಗನ ತೋಳು ಹಿಡಿದು, ಗಾಲಿಕುರ್ಚಿಯಲ್ಲಿ ಕುಳಿತು ಶಾಖೆಗೇ ಬರುವ ಹಿರಿಯರು ಇಂದಿಗೂ ಅನೇಕರು. ಅವರು ಬಾಗಿಲನ್ನು ಮುಟ್ಟುವರೋ ಇಲ್ಲವೋ ಎಂಬುದು ಅಂಗಳದ ಗೆರೆಗಳನ್ನು ಅವಲಂಬಿಸಿರುತ್ತದೆ.

ಒಂದು ಅಂಗಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಉದ್ದ 20 ಮೀಟರು, ಅಗಲ 11 ಮೀಟರು ಎಂದಿರಲಿ. ಕಾರೊಂದು ನಿಲ್ಲಲು ಎರಡೂವರೆ ಮೀಟರು ಅಗಲ, ಐದು ಮೀಟರು ಉದ್ದದ ಜಾಗ ಬೇಕು. ಚೌಕಾಬಾರದ ಮಾತಿನಲ್ಲಿ ಇದನ್ನು ಒಂದು ‘ಮನೆ’ ಎನ್ನೋಣ. ಗೋಡೆಗೆ ನೇರವಾಗಿ ಮನೆಗಳನ್ನು ಬರೆದರೆ ಎಂಟು ಕಾರುಗಳು ಹಿಡಿಯುತ್ತವೆ. ಮುಂದೆ ಉಳಿಯುವ ಆರು ಮೀಟರು ಕಾರು ತಿರುಗುವುದಕ್ಕೆ ಸಾಕು. ಅದೇ ಮನೆಗಳನ್ನು ನಲವತ್ತೈದು ಅಂಶ ಓರೆಯಾಗಿ ಬರೆದರೆ ಒಳಹೊಕ್ಕು ನಿಲ್ಲಿಸುವುದು ಸುಲಭ, ಎದುರಿನ ದಾರಿಯೂ ಕಿರಿದಾದರೆ ನಡೆಯುತ್ತದೆ. ಆದರೆ ಹಿಡಿಯುವುದು ಐದೇ ಕಾರು. ಅಂಗಳ ಕಿರಿದಾಗಿದ್ದು, ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡುವ ಅನುಕೂಲವಿದ್ದಲ್ಲಿ ಓರೆ ಮನೆಗಳು ಮೇಲು. ಉಳಿದೆಡೆ ನೇರವೇ ಸರಿ. ನಮ್ಮ ಊರುಗಳಲ್ಲಿ ಬ್ಯಾಂಕಿಗೆ ಬರುವ ಹೆಚ್ಚಿನವರು ದ್ವಿಚಕ್ರದವರು. ಒಂದು ಕಾರಿನ ಮನೆಯನ್ನು ಅಡ್ಡಲಾಗಿ ಹಂಚಿದರೆ ಐದು ಸ್ಕೂಟರುಗಳು ಆರಾಮವಾಗಿ ನಿಲ್ಲುತ್ತವೆ ಎಂಬುದನ್ನು ಯೋಜಿಸುವವರು ಮರೆಯಬಾರದು.

ಇನ್ನು ಮುಖ್ಯವಾದ ಮಾತಿಗೆ ಬರೋಣ. ನಡೆಯಲಾರದವರ ವಾಹನಕ್ಕೆ 3.6 ಮೀಟರು ಅಗಲ, 5 ಮೀಟರು ಉದ್ದದ ಜಾಗ ಬೇಕೆಂದೂ, ಅಂತಹ ಮನೆಗಳು ಕನಿಷ್ಠ ಎರಡಿರಬೇಕೆಂದೂ, ಅವು ಬಾಗಿಲಿನಿಂದ 30 ಮೀಟರಿನೊಳಗಿರಬೇಕೆಂದೂ ಕೇಂದ್ರ ಸರ್ಕಾರ 2016ರಲ್ಲಿ ಹೊರತಂದ ಮಾರ್ಗಸೂಚಿ ಹೇಳಿತು. ಇಷ್ಟು ಅಗಲ ಏಕೆ? ಕಾರಿಗೆ 2.4 ಮೀಟರು, ಉಳಿದ 1.2 ಮೀಟರು ಬಾಗಿಲನ್ನು ಪೂರ್ತಿ ತೆರೆದು, ಗಾಲಿಕುರ್ಚಿಯನ್ನು ಪಕ್ಕಕ್ಕೆ ತಂದು, ಮೈಯನ್ನು ಸೀಟಿನಿಂದ ಕುರ್ಚಿಗೆ ಸರಿಸಿಕೊಳ್ಳುವುದಕ್ಕೆ. ಓರೆಗೆರೆಗಳನ್ನು ತುಂಬಿ ತೋರಿಸುವ ಪಟ್ಟೆ ಅದೇ.

ದುರದೃಷ್ಟವಶಾತ್ ಆ ಪಟ್ಟೆ ನೋಡುವವರ ಕಣ್ಣಿಗೆ ಖಾಲಿ ಜಾಗ. ಸ್ಕೂಟರೊಂದಕ್ಕೆ ಅಳತೆ ತೆಗೆದು ಹೊಲಿಸಿದಂತಿದೆ! ‘ಎರಡೇ ನಿಮಿಷ’ ಎಂದು ನಿಲ್ಲಿಸಿ ಒಳಗೆ ಹೋದವರಿಗೆ ಟೋಕನ್ ಸಿಕ್ಕಿ ಸರದಿ ಬರುವ ಹೊತ್ತಿಗೆ ಅರ್ಧ ಗಂಟೆ. ಅಷ್ಟರಲ್ಲಿ ಕೆಲಸ ಮುಗಿಸಿ ಗಾಲಿಕುರ್ಚಿಯಲ್ಲಿ ಹಿಂದಿರುಗಿದವರು ತಮ್ಮ ಕಾರಿನ ಬಾಗಿಲನ್ನೇ ತೆರೆಯಲಾರದೆ ಬಿಸಿಲಿನಲ್ಲಿ ಕಾಯಬೇಕಾಗುತ್ತದೆ. ಓರೆಗೆರೆಗಳು ಮಾಸಿದಲ್ಲಿ ಸ್ಕೂಟರಿನವರನ್ನು ದೂರುವಂತೆಯೂ ಇಲ್ಲ. ಓದಲು ಬರಹವೇ ಇಲ್ಲವಲ್ಲ.

ಈ ಮನೆಗಳಿಂದ ಜಾಗ ವ್ಯರ್ಥವಾಗುತ್ತದೆ ಎನ್ನುವವರಿಗೆ ನಮ್ಮ 20 ಮೀಟರಿನ ಅಂಗಳವೇ ಉತ್ತರ. ಅಂತಹ ಎರಡು ಮನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನಡುವಣ ಪಟ್ಟೆಯನ್ನು ಎರಡಕ್ಕೂ ಸಮಾನ ಮಾಡಿದರೆ ಒಟ್ಟು ಆರು ಮೀಟರು. ಉಳಿದ ಹದಿನಾಲ್ಕರಲ್ಲಿ ಐದು ಸಾಧಾರಣ ಮನೆಗಳು ಹೋಗಿ, ಒಂದೂವರೆ ಮೀಟರು ಮಿಗುತ್ತದೆ. ಅದು ಬಾಗಿಲಿಗೆ ನಡೆಯುವ ದಾರಿ. ಎಂಟು ಏಳಾಯಿತು, ಅಷ್ಟೆ. ಕಳೆದುಕೊಂಡದ್ದು ಒಂದೇ ಕಾರಿನ ಜಾಗ.

ಹಣ ತರುವ ವ್ಯಾನಿಗೂ ಬಾಗಿಲ ಹತ್ತಿರ ಒಂದು ಜಾಗ ಬೇಕು. ಅದನ್ನು ಮೊದಲೇ ಗುರುತು ಮಾಡದಿದ್ದರೆ ವ್ಯಾನು ಬಂದು ನಿಲ್ಲುವುದು ಗಾಲಿಕುರ್ಚಿಯ ಇಳಿಜಾರಿಗೆ ಅಡ್ಡಲಾಗಿಯೇ.

ಗೆರೆ ಎಳೆಯುವ ಕೆಲಸ ನಮ್ಮ ಹೆಣ್ಣುಮಕ್ಕಳ ರಂಗೋಲಿಗಿಂತ ಬೇರೆಯಲ್ಲ: ಮೊದಲು ಚುಕ್ಕಿ, ಆಮೇಲೆ ಗೆರೆ. ಅಳತೆಪಟ್ಟಿಯಿಂದ ಚುಕ್ಕಿಗಳನ್ನಿಟ್ಟು, ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಬಿಗಿಹಿಡಿದು ಮೀಟಿದರೆ ನೆಲದ ಮೇಲೆ ನೇರವಾದ ಗುರುತು ಮೂಡುತ್ತದೆ. ಮೂಲೆ ಸರಿಯಾಗಿದೆಯೆ ಎಂದು ನೋಡಲು ಗೋಡೆಯ ಗುಂಟ ಮೂರು ಮೀಟರು, ಗೆರೆಯ ಗುಂಟ ನಾಲ್ಕು ಮೀಟರು ಅಳೆದು ಗುರುತು ಮಾಡಿ. ಎರಡು ಗುರುತುಗಳ ನಡುವೆ ಸರಿಯಾಗಿ ಐದು ಮೀಟರು ಇದ್ದರೆ ಮೂಲೆ ನೇರ. ಯಜ್ಞವೇದಿಕೆಗಳನ್ನು ಹಗ್ಗದಿಂದ ಅಳೆಯುತ್ತಿದ್ದ ನಮ್ಮ ಪೂರ್ವಿಕರಿಗೆ ಇದು ಗೊತ್ತಿತ್ತು. ಬೋಧಾಯನರ ಶುಲ್ಬಸೂತ್ರದಲ್ಲಿ ಈ ಲೆಕ್ಕದ ಮೂಲವಿದೆ. ‘ಶುಲ್ಬ’ ಎಂದರೆ ಹಗ್ಗವೇ.

ಬಣ್ಣದ ವಿಷಯದಲ್ಲಿ ಜಿಪುಣತನ ಸಲ್ಲದು. ಗೋಡೆಗೆ ಬಳಿದು ಮಿಕ್ಕ ಬಣ್ಣ ನೆಲದ ಮೇಲೆ ಒಂದು ಮಳೆಗಾಲ ಬಾಳಿದರೆ ಹೆಚ್ಚು. ರಸ್ತೆಗೆಂದೇ ತಯಾರಾದ ಬಣ್ಣ ಬೇರೆ ಇದೆ. ಇನ್ನೂ ಗಟ್ಟಿಯಾದದ್ದು ಥರ್ಮೋಪ್ಲಾಸ್ಟಿಕ್: ಸುಮಾರು 180ರಿಂದ 200 ಡಿಗ್ರಿಗೆ ಕಾಯಿಸಿ, ಎರಡೂವರೆ ಮಿಲಿಮೀಟರು ದಪ್ಪಕ್ಕೆ ಎರೆಯುವ ಅಂಟಿನಂಥ ವಸ್ತು. ಅದು ಬಿಸಿಯಿರುವಾಗಲೇ ಮೇಲೆ ನುಣ್ಣನೆಯ ಗಾಜಿನ ಮಣಿಗಳನ್ನು ಉದುರಿಸುತ್ತಾರೆ. ಪ್ರತಿಯೊಂದು ಮಣಿಯೂ ಅರ್ಧ ಹೂತು ಅರ್ಧ ಮೇಲೆದ್ದಿರುತ್ತದೆ. ಕಾರಿನ ದೀಪದ ಬೆಳಕು ಅದರೊಳಹೊಕ್ಕು, ಬಂದ ದಾರಿಯಲ್ಲೇ ಹಿಂದಿರುಗಿ ಚಾಲಕನ ಕಣ್ಣಿಗೆ ಬೀಳುತ್ತದೆ. ರಾತ್ರಿ ಹಣದ ಯಂತ್ರಕ್ಕೆ ಬರುವವರಿಗೆ ಗೆರೆ ಮಿನುಗಿ ಕಾಣುವುದು ಇದರಿಂದ. ಓರೆಗೆರೆಗಳ ಪಟ್ಟೆಯಲ್ಲಿ ಮಾತ್ರ ಬಣ್ಣಕ್ಕೆ ಸಣ್ಣ ಮರಳನ್ನೂ ಬೆರೆಸಬೇಕು. ಒದ್ದೆ ಬಣ್ಣದ ಮೇಲೆ ಊರುಗೋಲು ಜಾರುತ್ತದೆ.

ಹೊಸ ಕಾಂಕ್ರೀಟು ಹಾಕಿದ್ದರೆ 28 ದಿನ ಕಾಯಿರಿ. ಹೊಸ ಡಾಂಬರಿಗೂ ಸುಮಾರು ಒಂದು ತಿಂಗಳ ಬಿಡುವು ಬೇಕು. ಈಗ ಎಲ್ಲೆಲ್ಲೂ ಕಾಣುವ, ಒಂದಕ್ಕೊಂದು ಕಚ್ಚಿಕೊಳ್ಳುವ ಸಿಮೆಂಟಿನ ಇಟ್ಟಿಗೆಯ ನೆಲದಲ್ಲಿ ಬಣ್ಣ ಸಂದುಗಳಿಂದಲೇ ಎದ್ದುಹೋಗುತ್ತದೆ. ಅಂತಹ ನೆಲ ಹಾಸುವಾಗ ಗೆರೆ ಬರಬೇಕಾದ ಕಡೆ ಬಿಳಿಯ ಇಟ್ಟಿಗೆಗಳನ್ನೇ ಕೂರಿಸಿದರೆ ಅಳಿಸುವ ಮಾತೇ ಇಲ್ಲ. ಹಳೆಯ ಗೆರೆಯನ್ನು ಬದಲಿಸುವಾಗ ಅದರ ಮೇಲೆ ಕಪ್ಪು ಬಣ್ಣ ಬಳಿದು ಕೈತೊಳೆದುಕೊಳ್ಳುವ ರೂಢಿಯಿದೆ. ಇದು ಕೆಟ್ಟ ರೂಢಿ. ಮಳೆ ಬಂದ ರಾತ್ರಿ ಕಪ್ಪು ಗೆರೆಯೂ ಬಿಳಿಯ ಗೆರೆಯೂ ಒಂದೇ ಸಮನೆ ಹೊಳೆದು, ಯಾವುದು ದಾರಿ ಯಾವುದು ಮನೆ ಎಂದು ತಿಳಿಯದಾಗುತ್ತದೆ. ಹಳೆಯದನ್ನು ಉಜ್ಜಿ ತೆಗೆಯಲೇಬೇಕು.

ಕೆಲಸಕ್ಕೆ ಕಾಲ ಯಾವುದು? ಹಸ್ತ, ಚಿತ್ತೆ ಮಳೆಗಳ ಬಿಡುವು ನೋಡಿ, ಅಕ್ಟೋಬರಿನಲ್ಲಿ. ಆಗ ಪಿಂಚಣಿದಾರರ ತಿಂಗಳಿಗೆ ಅಂಗಳ ಸಿದ್ಧವಾಗಿರುತ್ತದೆ. ಎಂಬತ್ತು ದಾಟಿದ ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ 2019ರಿಂದ ಅಕ್ಟೋಬರಿನಲ್ಲೇ ಪತ್ರ ಕೊಡುವ ಸೌಕರ್ಯವಾಗಿರುವುದರಿಂದ ತಿಂಗಳ ಕೊನೆಯವರೆಗೆ ತಡಮಾಡದಿರುವುದು ಲೇಸು. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಶನಿವಾರ ಬೆಳಗ್ಗೆ ಗುಡಿಸಿ, ತೊಳೆದು, ಎಣ್ಣೆಯ ಕಲೆಗಳನ್ನು ತೆಗೆದು ನೆಲ ಒಣಗಿಸಿದರೆ, ಭಾನುವಾರ ಬಣ್ಣ ಹಚ್ಚಿ ಸೋಮವಾರ ಗೇಟು ತೆರೆಯಬಹುದು. ಇಡೀ ಅಂಗಳಕ್ಕೆ ದುಡ್ಡು ಸಾಲದಿದ್ದರೆ ಮೊದಲು ಓರೆಗೆರೆಗಳ ಪಟ್ಟೆ, ಆಮೇಲೆ ನಡೆಯುವ ದಾರಿ, ಕೊನೆಗೆ ಉಳಿದದ್ದು. ಸಾಧಾರಣ ಮನೆಯ ಗೆರೆ ಮಾಸಿದರೆ ಕಾರು ಸ್ವಲ್ಪ ಓರೆ ನಿಂತೀತು. ಪಟ್ಟೆ ಮಾಸಿದರೆ ಒಬ್ಬರು ಮನೆಗೆ ಹೋಗಲಾರರು.

ಮೂರು ತಿಂಗಳಿಗೊಮ್ಮೆ ಮುಸ್ಸಂಜೆಯಲ್ಲಿ ಒಬ್ಬರು ಟಾರ್ಚು ಹಿಡಿದು ಅಂಗಳ ಸುತ್ತಿದರೆ ಯಾವ ಗೆರೆ ಮಂಕಾಗಿದೆ ಎಂದು ತಾನಾಗಿ ತಿಳಿಯುತ್ತದೆ. ಚಕ್ರ ತಿರುಗುವ ಮೂಲೆಗಳೇ ಮೊದಲು ಸವೆಯುವುದು. ಗೇಟಿನ ಕಾವಲುಗಾರನಿಗೆ ಓರೆಗೆರೆಗಳ ಅರ್ಥವನ್ನು ಬಿಡಿಸಿ ಹೇಳಿರಬೇಕು. ಎಷ್ಟೋ ಕಡೆ ‘ಅಲ್ಲಿ ಖಾಲಿ ಇದೆ, ಹಾಕಿ ಸಾರ್’ ಎಂದು ಸ್ಕೂಟರಿನವರಿಗೆ ಜಾಗ ತೋರಿಸುವವನು ಅವನೇ. ಮತ್ತೊಂದು ಮಾತು: ಅಂಗಳದ ನಕ್ಷೆಯನ್ನು ಒಂದು ಹಾಳೆಯಲ್ಲಿ ಅಳತೆಗಳೊಡನೆ ಬರೆದು, ಹಚ್ಚಿದ ಬಣ್ಣ ಯಾವುದು, ಯಾವ ದಿನ ಎಂಬುದನ್ನು ಕೆಳಗೆ ಗುರುತು ಮಾಡಿ ಶಾಖೆಯ ಕಡತದಲ್ಲಿಡಬೇಕು. ಮ್ಯಾನೇಜರಿಗೆ ವರ್ಗವಾಗುತ್ತದೆ, ಮುಂದೆ ಬರುವವರು ಮಾಸಿದ ಗೆರೆಯ ಮೇಲೆ ಅಂದಾಜಿನಿಂದ ಗೆರೆ ಎಳೆಸಿದರೆ, 1.2 ಮೀಟರಿನ ಪಟ್ಟೆ ಒಂದಾಗಿ, ಮುಕ್ಕಾಲಾಗಿ, ಕೊನೆಗೆ ಕಾಣದೆಯೇ ಹೋಗುತ್ತದೆ.