ಬೊಕ್ಕಸದ ಹಣ, ಬಡವರ ವಿದ್ಯೆ

ಭದ್ರಾವತಿಯಿಂದ ಶಿವಮೊಗ್ಗೆಗೆ ಹತ್ತು ಹನ್ನೆರಡು ಮೈಲಿಗಳ ಹಾದಿ. ಬೆಳಗಿನ ಬಸ್ಸಿನಲ್ಲಿ ಪುಸ್ತಕಗಳನ್ನು ಎದೆಗವಚಿಕೊಂಡು ನಿಂತ ಹುಡುಗ ಹುಡುಗಿಯರನ್ನು ಕಾಣದ ದಿನವಿಲ್ಲ. ಅವರಲ್ಲನೇಕರಿಗೆ ಕಾಲೇಜಿನ ಬಾಗಿಲನ್ನು ತೆರೆದ ಕೀಲಿಕೈ ವಿದ್ಯಾರ್ಥಿವೇತನ. ಊರಿಗೆ ಅನ್ನವಿತ್ತ ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿದ ಮೇಲಂತೂ ಆ ಕೀಲಿಕೈಯ ಬೆಲೆ ಮತ್ತಷ್ಟು ಹೆಚ್ಚಿತು.

ಈ ನೆರವು ನಿನ್ನೆ ಮೊನ್ನೆಯದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನೇಮಿಸಿದ ಸರ್ ಲೆಸ್ಲಿ ಮಿಲ್ಲರ್ ಸಮಿತಿಯು ಹಿಂದುಳಿದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಬೇಕೆಂದುದಲ್ಲದೆ, ಓದಲು ವಿದ್ಯಾರ್ಥಿವೇತನವೂ ಬೇಕೆಂದಿತು. ಓದೇ ಇಲ್ಲದವನಿಗೆ ಹುದ್ದೆ ದೊರೆಯುವುದೆಂತು? ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಆರಂಭಿಸಿದ ಪ್ರಜಾಪ್ರತಿನಿಧಿ ಸಭೆ ಅಂದು ಜನರ ಅಹವಾಲನ್ನು ಅರಿಕೆ ಮಾಡಬಹುದಾಗಿತ್ತು; ಬೊಕ್ಕಸದ ಹಣದ ಮೇಲೆ ಮತ ಕೊಡುವ ಅಧಿಕಾರ ಅದಕ್ಕಿರಲಿಲ್ಲ.

ಇಂದು ಆ ಅಧಿಕಾರ ವಿಧಾನಸಭೆಯದು. ಇಲಾಖೆಗಳ ಬೇಡಿಕೆಗೆ ಸಭೆ ಒಪ್ಪಿದರೆ ಮಾತ್ರ ಹಣ. ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಎಡೆ ದೊರೆಯದ ಹಿಂದುಳಿದ ವರ್ಗಗಳ ಮಕ್ಕಳಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ನೆರವನ್ನು 'ವಿದ್ಯಾಸಿರಿ' ಗೊತ್ತುಮಾಡಿತು. 2021ರಲ್ಲಿ ಬಂದ 'ರೈತ ವಿದ್ಯಾನಿಧಿ'ಯು ಪದವಿ ತರಗತಿಯ ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500 ರೂಪಾಯಿ ಎಂದು ನಿಗದಿಪಡಿಸಿತು.

ಮಂಜೂರಾದುದು ಮುಟ್ಟಿತೆ? ಇದನ್ನು ವಿಚಾರಿಸಲು ರಾಜ್ಯಾಂಗ ದಾರಿ ಮಾಡಿದೆ. ಲೆಕ್ಕ ನಿಯಂತ್ರಕರು ಮತ್ತು ಮಹಾ ಲೆಕ್ಕಪರಿಶೋಧಕರು ಖರ್ಚನ್ನು ತನಿಖೆಮಾಡಿ ರಾಜ್ಯಪಾಲರಿಗೆ ವರದಿ ಒಪ್ಪಿಸುತ್ತಾರೆ. ಅದು ಸದನದ ಮುಂದೆ ಬರುತ್ತದೆ. ಬಳಿಕ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅಧಿಕಾರಿಗಳನ್ನು ಕರೆಯಿಸಿ ಪ್ರಶ್ನಿಸುತ್ತದೆ. ವಿರೋಧ ಪಕ್ಷದವರನ್ನೇ ಅದರ ಅಧ್ಯಕ್ಷರನ್ನಾಗಿಸುವುದು ರೂಢಿ. ಆಳುವವರ ಲೆಕ್ಕವನ್ನು ಆಳುವವರೇ ನೋಡಬಾರದಷ್ಟೆ!

ಆದರೆ ಈ ವಿಚಾರಣೆ ಹಣ ಖರ್ಚಾದ ಬಳಿಕ ನಡೆಯುವಂಥದು. ವರದಿ ಸಿದ್ಧವಾಗಿ ಸಮಿತಿಯ ಮೇಜಿಗೆ ಬರುವ ವೇಳೆಗೆ ಮೂರು ವರ್ಷದ ಪದವಿಗೆ ಸೇರಿದ ಹುಡುಗಿ ಓದು ಮುಗಿಸಿರಬಹುದು, ಅರ್ಧಕ್ಕೇ ಬಿಟ್ಟಿರಲೂಬಹುದು. ವರ್ಷಾರಂಭದಲ್ಲಿ ಕಟ್ಟಬೇಕಾದ ಶುಲ್ಕಕ್ಕೆ ವರ್ಷಾಂತ್ಯದಲ್ಲಿ ಬಂದ ಹಣವೂ ನೆರವೇ ಸರಿ. ಅಷ್ಟರಲ್ಲಿ ತಾಯಿಯ ಬಳೆ ಗಿರವಿ ಅಂಗಡಿ ಸೇರಿರುತ್ತದೆ.

ಆ ಬಳೆಯನ್ನು ಉಳಿಸುವ ಉಪಾಯ ಪ್ರಶ್ನೋತ್ತರ ವೇಳೆಯಲ್ಲಿದೆ. ಅರ್ಜಿ ಹಾಕಿದವರೆಷ್ಟು, ಹಣ ಪಡೆದವರೆಷ್ಟು, ಯಾವ ತಿಂಗಳಲ್ಲಿ ಪಡೆದರು? ಈ ಮೂರು ಪ್ರಶ್ನೆಗಳನ್ನು ಶಾಸಕರು ಆ ವರ್ಷದಲ್ಲೇ ಕೇಳಬಹುದು. ಅವರು ಕೇಳುವಂತೆ ಮಾಡುವ ಕೆಲಸ ಮಾತ್ರ ಮತದಾರರಾದ ತಂದೆತಾಯಿಗಳದು.