ಗೃಹಬಳಕೆಯ ಅನಿಲ ಕೊಳವೆ: ನಿಯಮಗಳ ಹಿಂದಿನ ಕಾರಣಗಳು

ಮಹಾರಾಷ್ಟ್ರದ ದಾಭೋಳದಿಂದ ಬೆಳಗಾವಿ, ಧಾರವಾಡ, ದಾವಣಗೆರೆ, ತುಮಕೂರುಗಳ ಮಾರ್ಗವಾಗಿ ಬೆಂಗಳೂರನ್ನು ತಲುಪುವ ನೈಸರ್ಗಿಕ ಅನಿಲದ ಕೊಳವೆ ಮಾರ್ಗವು 2013ರಲ್ಲಿ ಕಾರ್ಯಾರಂಭ ಮಾಡಿತು. ಅಂದಿನಿಂದ ರಾಜ್ಯದ ಹಲವು ನಗರಗಳಲ್ಲಿ ಅಡುಗೆ ಅನಿಲವು ನಲ್ಲಿ ನೀರಿನಂತೆ ಮನೆಬಾಗಿಲಿಗೆ ಬರತೊಡಗಿದೆ. ಕಟ್ಟಡ ನಿರ್ಮಾಪಕರಿಗೂ ಕೊಳವೆ, ಕವಾಟ, ರಬ್ಬರ್ ನಳಿಕೆಗಳ ತಯಾರಕರಿಗೂ ಮಾರಾಟಗಾರರಿಗೂ ಇದು ಹೊಸ ವ್ಯವಹಾರವನ್ನು ತಂದಿದೆ. ಅದರೊಡನೆ ಹೊಣೆಗಾರಿಕೆಯೂ ಬಂದಿದೆ. ನೀರಿನ ಕೊಳವೆ ಸೋರಿದರೆ ಗೋಡೆ ಕೆಡುತ್ತದೆ. ಅನಿಲದ ಕೊಳವೆ ಸೋರಿದರೆ ಪ್ರಾಣವೇ ಹೋಗಬಹುದು.

ನಿಯಮಗಳ ಮೂಲ

ನಗರ ಅನಿಲ ವಿತರಣೆಯ ತಾಂತ್ರಿಕ ಹಾಗೂ ಸುರಕ್ಷತಾ ಮಾನದಂಡಗಳನ್ನು ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯು 2008ರಲ್ಲಿ ವಿಧಿಸಿತು. ಕಟ್ಟಡದೊಳಗಿನ ವ್ಯವಸ್ಥೆಗೆ ಭಾರತೀಯ ಮಾನಕ ಬ್ಯೂರೋ 2016ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಕಟ್ಟಡ ಸಂಹಿತೆಯ 9ನೆಯ ಭಾಗವು ಮಾರ್ಗದರ್ಶಿಯಾಗಿದೆ. ಈ ಸಂಹಿತೆಯು ಸ್ವತಃ ಕಾನೂನಲ್ಲ. ಸ್ಥಳೀಯ ಸಂಸ್ಥೆಗಳ ಕಟ್ಟಡ ಉಪವಿಧಿಗಳು ಅದನ್ನು ಅಂಗೀಕರಿಸಿದಾಗ ಅದಕ್ಕೆ ಕಾನೂನಿನ ಬಲ ಬರುತ್ತದೆ. ಆದ್ದರಿಂದ ನಕ್ಷೆ ಸಿದ್ಧಪಡಿಸುವ ಹಂತದಲ್ಲಿಯೇ ಸ್ಥಳೀಯ ಸಂಸ್ಥೆ ಹಾಗೂ ಅನಿಲ ವಿತರಣಾ ಸಂಸ್ಥೆಗಳೆರಡನ್ನೂ ವಿಚಾರಿಸುವುದು ಉಚಿತ. ಮನೆ ಮುಗಿದ ಮೇಲೆ ಗೋಡೆ ಕೊರೆಯುವ ಖರ್ಚು ಇದರಿಂದ ಉಳಿಯುತ್ತದೆ.

ರಸ್ತೆಯಿಂದ ಒಲೆಯವರೆಗೆ

ಬಡಾವಣೆಯ ರಸ್ತೆಯಡಿ ಅನಿಲವು ಸುಮಾರು 4 ಬಾರ್ ಒತ್ತಡದಲ್ಲಿ ಪಾಲಿಎಥಿಲೀನ್ ಕೊಳವೆಯಲ್ಲಿ ಹರಿಯುತ್ತದೆ. ಒತ್ತಡ ನಿಯಂತ್ರಕಗಳ ಮೂಲಕ ಹಂತಹಂತವಾಗಿ ಇಳಿದು ಒಲೆಯನ್ನು ತಲುಪುವ ವೇಳೆಗೆ ಆ ಒತ್ತಡವು 21 ಮಿಲಿಬಾರ್ ಆಗಿರುತ್ತದೆ. ಪಾಲಿಎಥಿಲೀನ್ ಬಿಸಿಲಿಗೆ ಶಿಥಿಲವಾಗುವ, ಬೆಂಕಿಗೆ ಕರಗುವ ವಸ್ತುವಾದುದರಿಂದ ಅದರ ಸ್ಥಾನ ನೆಲದೊಳಗೆ ಮಾತ್ರ. ನೆಲದ ಮೇಲೆ ಸತು ಲೇಪಿತ ಉಕ್ಕಿನ (ಜಿ.ಐ.) ಅಥವಾ ತಾಮ್ರದ ಕೊಳವೆಯನ್ನೇ ಬಳಸಬೇಕು.

ಕೊಳವೆಯು ಕಣ್ಣಿಗೆ ಕಾಣುವಂತೆ, ಗಾಳಿಯಾಡುವ ಜಾಗದಲ್ಲಿ ಸಾಗಬೇಕು. ಗೋಡೆಯನ್ನು ದಾಟುವೆಡೆ ಅದಕ್ಕೊಂದು ಹೊರಗವಸು ಇರಬೇಕು. ಲಿಫ್ಟ್ ಬಾವಿ, ಹೊಗೆ ಕೊಳವೆಗಳೊಳಗೆ ಅದನ್ನು ಒಯ್ಯಬಾರದು. ವಿದ್ಯುತ್ ತಂತಿಗಳಿಂದ ದೂರವಿಡಬೇಕು. ವಿದ್ಯುತ್ತಿನ ಅರ್ಥಿಂಗ್‌ಗೆ ಅದನ್ನು ಎಂದಿಗೂ ಬಳಸಬಾರದು. ಮೀಟರಿನ ಮುಂಚೆ ಹಾಗೂ ಒಲೆಯ ಬಳಿ ಕೈಗೆಟಕುವಂತೆ ಕವಾಟಗಳಿರಬೇಕು. ಅಂದಕ್ಕಾಗಿ ಕೊಳವೆಯನ್ನು ಮರದ ಕಪಾಟಿನಲ್ಲಿಯೋ ತೂಗುಚಾವಣಿಯಲ್ಲಿಯೋ ಮುಚ್ಚಿದರೆ ಸೋರಿದ ಅನಿಲ ಅಲ್ಲಿಯೇ ಸಂಗ್ರಹವಾಗುತ್ತದೆ. ಗಾಳಿಯಲ್ಲಿ ನೈಸರ್ಗಿಕ ಅನಿಲದ ಪ್ರಮಾಣ ಶೇ. 5ರಿಂದ 15ರವರೆಗೆ ಇದ್ದರೆ ಒಂದು ಕಿಡಿಯೇ ಸಾಕು.

ಎರಡು ಅನಿಲ, ಎರಡು ಸ್ವಭಾವ

ನೈಸರ್ಗಿಕ ಅನಿಲವು ಗಾಳಿಗಿಂತ ಹಗುರ, ಸೋರಿದರೆ ಮೇಲೇರುತ್ತದೆ. ಆದುದರಿಂದ ಅಡುಗೆಮನೆಯ ಮೇಲ್ಭಾಗದಲ್ಲಿ ಗಾಳಿಕಿಂಡಿ ಅಗತ್ಯ. ಸಿಲಿಂಡರಿನ ಎಲ್.ಪಿ.ಜಿ. ಗಾಳಿಗಿಂತ ಭಾರ, ಅದು ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ನೆಲಮಾಳಿಗೆಯಲ್ಲಿ ಸಿಲಿಂಡರ್ ಇಡಬಾರದೆಂಬುದಕ್ಕೆ ಇದೇ ಕಾರಣ. ಎಲ್.ಪಿ.ಜಿ. ಒಲೆಯ ಜೆಟ್ ಬದಲಾಯಿಸದೆ ಅದನ್ನು ನೈಸರ್ಗಿಕ ಅನಿಲಕ್ಕೆ ಜೋಡಿಸಲಾಗದು.

ಹಲವು ವಸತಿ ಸಮುಚ್ಚಯಗಳೂ ಹೋಟೆಲುಗಳೂ ಸಿಲಿಂಡರುಗಳನ್ನು ಸಾಲಾಗಿ ಜೋಡಿಸಿ ಕೊಳವೆಯಲ್ಲಿ ಅನಿಲ ಪಡೆಯುತ್ತವೆ. ಇಂತಹ ವ್ಯವಸ್ಥೆಗೆ ಐ.ಎಸ್. 6044 ಮಾನಕವು ಅನ್ವಯಿಸುತ್ತದೆ. 2016ರ ಅನಿಲ ಸಿಲಿಂಡರ್ ನಿಯಮಗಳ ಪ್ರಕಾರ 100 ಕಿಲೋಗ್ರಾಂ ಮೀರಿದ ಎಲ್.ಪಿ.ಜಿ. ದಾಸ್ತಾನಿಗೆ ಪರವಾನಗಿ ಬೇಕು. 19 ಕಿಲೋಗ್ರಾಮಿನ ಐದು ಸಿಲಿಂಡರುಗಳೆಂದರೆ 95 ಕಿಲೋಗ್ರಾಂ. ಆರನೆಯದು ಸೇರಿದೊಡನೆ ಮಿತಿ ದಾಟಿದಂತೆ. ಹಬ್ಬ, ಮದುವೆಗಳ ದಿನಗಳಲ್ಲಿ ಈ ಲೆಕ್ಕ ತಪ್ಪುವುದು ಸುಲಭ.

ಪರೀಕ್ಷೆ ಮತ್ತು ಹೊಣೆ

ಅನಿಲವನ್ನು ಬಿಡುವ ಮುನ್ನ ಬಳಕೆಯ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಗಾಳಿ ತುಂಬಿ, ಮಾಪಕದ ಮುಳ್ಳು ಇಳಿಯುವುದಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಸೋರಿಕೆಯ ಜಾಗವನ್ನು ಸಾಬೂನು ನೀರಿನಿಂದ ಪತ್ತೆಹಚ್ಚಬೇಕೇ ಹೊರತು ಬೆಂಕಿಕಡ್ಡಿಯಿಂದಲ್ಲ. ಅನಿಲಕ್ಕೆ ಸಹಜ ವಾಸನೆಯಿಲ್ಲ. ಎಚ್ಚರಿಕೆಗಾಗಿಯೇ ಮರ್ಕ್ಯಾಪ್ಟನ್ ಬೆರೆಸಲಾಗಿರುತ್ತದೆ. ವಾಸನೆ ಬಂದಾಗ ವಿದ್ಯುತ್ ಗುಂಡಿಗಳನ್ನು ಮುಟ್ಟದೆ, ಕವಾಟ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು ಅನಿಲ ಸಂಸ್ಥೆಗೆ ತಿಳಿಸಬೇಕು.

ಅಡುಗೆಮನೆ ನವೀಕರಿಸುವಾಗ ಕೊಳವೆಯನ್ನು ಸ್ಥಳಾಂತರಿಸುವ ಕೆಲಸವನ್ನು ನೀರಿನ ಕೊಳಾಯಿ ಕೆಲಸಗಾರರಿಗೆ ಒಪ್ಪಿಸದೆ ವಿತರಣಾ ಸಂಸ್ಥೆಯ ಅಧಿಕೃತ ತಂತ್ರಜ್ಞರಿಂದಲೇ ಮಾಡಿಸಬೇಕು. ವರ್ತಕರು ಐ.ಎಸ್.ಐ. ಮುದ್ರೆಯ ಸರಕನ್ನಷ್ಟೇ ದಾಸ್ತಾನು ಮಾಡಿ, ಅವಧಿ ಮೀರಿದ ರಬ್ಬರ್ ನಳಿಕೆಗಳನ್ನು ಅಂಗಡಿಯಿಂದ ತೆಗೆದುಹಾಕಿ, ಪ್ರತಿ ಮಾರಾಟಕ್ಕೂ ರಸೀದಿ ನೀಡುವುದು ಒಳಿತು. ಅಗ್ಗದ ಒಂದು ಕವಾಟದಲ್ಲಿ ಉಳಿಯುವ ಕೆಲವು ರೂಪಾಯಿಗಳ ಲಾಭವು ಒಂದು ಅವಘಡದಲ್ಲಿ ಕಳೆದುಹೋಗುವ ಜೀವಕ್ಕಾಗಲಿ, ವರ್ಷಗಳಿಂದ ಗಳಿಸಿದ ಅಂಗಡಿಯ ಹೆಸರಿಗಾಗಲಿ ಎಂದೂ ಸಮನಾಗಲಾರದು.