ರಾಗಿ ಕಣ, ಕೆರೆಯ ಬಾತು, ಹಿತಕಿದ ಬೇಳೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹಳ್ಳಿಗಳಲ್ಲಿ ಶನಿವಾರ ಬೆಳಗಾದರೆ ಮೊದಲು ಕೇಳಿಬರುವ ಪ್ರಶ್ನೆ, ಇದು ತಿಂಗಳಿನ ಎಷ್ಟನೇ ಶನಿವಾರ ಎಂಬುದು. 2015ರ ಸೆಪ್ಟೆಂಬರ್‌ನಿಂದ ಬ್ಯಾಂಕುಗಳು ಎರಡನೇ ಮತ್ತು ನಾಲ್ಕನೇ ಶನಿವಾರ ಬಾಗಿಲು ತೆರೆಯುವುದಿಲ್ಲ. 2019ರಿಂದ ರಾಜ್ಯ ಸರ್ಕಾರಿ ಕಚೇರಿಗಳಿಗೂ ಇದೇ ಲೆಕ್ಕ. ಹಾಗಾಗಿ ಪಹಣಿಗೆ ನಾಡಕಚೇರಿಗೆ ಹೋಗುವವರು, ಬೆಳೆಸಾಲದ ಕಂತು ಕಟ್ಟುವವರು ಕ್ಯಾಲೆಂಡರ್ ನೋಡಿಯೇ ಮನೆ ಬಿಡುತ್ತಾರೆ. ಡೈರಿಗೆ ಮಾತ್ರ ರಜೆಯೆಂಬುದಿಲ್ಲ. ಹಾಲಿನ ಕ್ಯಾನು ಹಿಡಿದವರ ಸಾಲು ಬೆಳಕು ಹರಿಯುವ ಮೊದಲೇ ನಿಂತಿರುತ್ತದೆ. ಸರ್ಕಾರಿ ಶಾಲೆಗಳಿಗೆ ಶನಿವಾರ ಬೆಳಗಿನ ತರಗತಿ. ಮಕ್ಕಳು ಊಟದ ಹೊತ್ತಿಗೆ ಮನೆಗೆ ಬರುವುದರಿಂದ, ಅವರೆಕಾಯಿ ಸುಲಿಯುವ ಕೆಲಸಕ್ಕೆ ಕೈಗಳಿಗೆ ಬರವಿರುವುದಿಲ್ಲ.

ಡಿಸೆಂಬರ್, ಜನವರಿಯಲ್ಲಿ ಈ ಓಡಾಟಗಳ ನಡುವೆ ರಾಗಿಯದೇ ದೊಡ್ಡ ಪಾಲು. ಕೊಯ್ಲು ಮುಗಿದು ತೆನೆ ಕಣಕ್ಕೆ ಬಂದಿರುತ್ತದೆ. ದೊಡ್ಡಬಳ್ಳಾಪುರ, ನೆಲಮಂಗಲದ ಒಳದಾರಿಗಳಲ್ಲಿ ಡಾಂಬರು ರಸ್ತೆಯ ಮೇಲೇ ಹುಲ್ಲು ಹರಡಿ, ಬಸ್ಸು ಲಾರಿಗಳ ಚಕ್ರದಿಂದ ಒಕ್ಕಣೆ ಮಾಡಿಸಿಕೊಳ್ಳುವುದೂ ಉಂಟು. ರೈತರಿಗೆ ಅನುಕೂಲ, ಬೈಕಿನವರಿಗೆ ಅಪಾಯ. ತೂರಿ, ಕೇರಿ, ಬಿಸಿಲಿಗೆ ಹಾಕಿದ ಮೇಲೆ ಮನೆಗೆ ಬೇಕಾದಷ್ಟು ಮಾತ್ರ ಮಿಲ್ಲಿಗೆ ಹೋಗುತ್ತದೆ. ಸಣ್ಣ ಗಟ್ಟಿ ಕಾಳಾದ್ದರಿಂದ ರಾಗಿಗೆ ಹುಳ ಹಿಡಿಯುವುದು ಅಪರೂಪ. ಹಿಂದೆ ಹಗೇವುಗಳಲ್ಲಿ ಅದನ್ನು ವರ್ಷಗಟ್ಟಲೆ ಇಡುತ್ತಿದ್ದುದು ಆ ಭರವಸೆಯ ಮೇಲೆಯೇ.

ರಾಗಿ ಹೊಲದಲ್ಲಿ ಬೆಳೆಯುವುದು ರಾಗಿಯೊಂದೇ ಅಲ್ಲ. ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಹಾಕುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಮಳೆ ಕೈಕೊಟ್ಟರೂ ಒಂದಲ್ಲ ಒಂದು ಕೈಗೆ ಸಿಗಲಿ ಎಂಬ ಲೆಕ್ಕಾಚಾರ ಇದು. ಸೆಪ್ಟೆಂಬರ್, ಅಕ್ಟೋಬರ್ ಮಳೆಯ ಮೇಲೆ ಈ ಹೊಲದ ಹಣೆಬರಹ ನಿಂತಿದೆ. ಚಳಿಗಾಲದ ಹಕ್ಕಿಗಳದೂ ಅದೇ ಮಳೆಯನ್ನು ನೆಚ್ಚಿದ ಬದುಕು.

ಕಾರಣ, ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಅರ್ಕಾವತಿ, ದಕ್ಷಿಣ ಪಿನಾಕಿನಿ ಎರಡೂ ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟಿ, ಒಂದು ದೊಡ್ಡಬಳ್ಳಾಪುರದ ಕಡೆಗೂ ಇನ್ನೊಂದು ಹೊಸಕೋಟೆಯ ಕಡೆಗೂ ಇಳಿಯುತ್ತವೆ. ಇರುವುದೆಲ್ಲ ಕೆರೆಗಳು: ಮೇಲಿನದು ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಹಿಂಗಾರು ಚೆನ್ನಾಗಿದ್ದ ವರ್ಷ, ತುಂಬಿದ ಕೆರೆ ಡಿಸೆಂಬರ್ ಹೊತ್ತಿಗೆ ಅಂಚಿನಿಂದ ಇಳಿಯತೊಡಗುತ್ತದೆ. ಆಗ ತೆರೆದುಕೊಳ್ಳುವ ಕೆಸರು, ಮೊಣಕಾಲುದ್ದದ ನೀರು ಬಾತುಗಳಿಗೂ ಗೊರವಗಳಿಗೂ ಊಟದ ಜಾಗ. ಕೆರೆ ದಡದವರೆಗೆ ತುಂಬಿದ್ದರೆ ನೋಡಲು ಚೆಂದ, ಹಕ್ಕಿ ಮಾತ್ರ ಕಡಿಮೆ.

ಮಧ್ಯ ಏಷ್ಯಾದಿಂದ, ಸೈಬೀರಿಯಾದಿಂದ ಚಳಿಗೆ ದಕ್ಷಿಣಕ್ಕೆ ಬರುವ ಹಕ್ಕಿಗಳಿಗೆ ಈ ಕೆರೆಗಳು ತಂಗುದಾಣ. ಹಕ್ಕಿ ನೋಡುವವರಿಗೆ ಹೊಸಕೋಟೆಯ ದೊಡ್ಡ ಕೆರೆ ಬಹುಕಾಲದಿಂದ ಪರಿಚಿತ. ಶನಿವಾರ ಕತ್ತಲಿರುವಾಗಲೇ ಬೆಂಗಳೂರಿನಿಂದ ಹೊಸಕೋಟೆಗೆ ಬರುವ ಕಾರುಗಳೆಲ್ಲ ಕೆರೆಗೇ ಬರುತ್ತವೆ ಎನ್ನಲಾಗದು. ಬಹುಪಾಲು ದಮ್ ಬಿರಿಯಾನಿಯ ಸಾಲಿಗೆ ಹೋಗುತ್ತವೆ. ಆತುರಪಟ್ಟು ಬಂದರೂ ದೇವನಹಳ್ಳಿಯಲ್ಲಿ ವಿಮಾನಗಳನ್ನು ತಡೆಯುವ ಮಂಜು ಕೆರೆಯನ್ನೂ ಮುಚ್ಚಿರುತ್ತದೆ. ಅದು ಕರಗಿದ ಮೇಲೆ ಬಿಸಿಲು ಬೆನ್ನಿಗಿರುವಂತೆ ನಿಂತರೆ ಬಣ್ಣ ಸರಿಯಾಗಿ ಕಾಣುತ್ತದೆ.

ಚಲುಕ ಬಾತನ್ನು ಗುರುತಿಸಲು ಕೊಕ್ಕೇ ಸಾಕು. ತಲೆಗಿಂತ ಉದ್ದ, ತುದಿಯಲ್ಲಿ ಸೌಟಿನಷ್ಟು ಅಗಲ. ಅದನ್ನು ನೀರಿನ ಮೇಲ್ಮೈಗೆ ತಾಗಿಸಿಕೊಂಡೇ ಈಜುತ್ತ, ಕೊಕ್ಕಿನ ಅಂಚಿನ ಸಣ್ಣ ಹಲ್ಲುಗಳ ಸಂದಿನಿಂದ ನೀರು ಹೊರಬಿಟ್ಟು ಹುಳ, ಬೀಜಗಳನ್ನು ಉಳಿಸಿಕೊಳ್ಳುತ್ತದೆ. ಹಲವು ಸೇರಿದಾಗ ಒಂದರ ಹಿಂದೊಂದು ಗಾಣದ ಎತ್ತಿನಂತೆ ಸುತ್ತು ಹಾಕುತ್ತವೆ. ಅದರಿಂದ ತಳದ ಆಹಾರ ಮೇಲೇಳುತ್ತದೆ. ಸೂಜಿಬಾಲದ ಬಾತು ತಲೆ ಕೆಳಗೆ ಮಾಡಿ ತಳ ಕೆದಕುತ್ತದೆ. ಬಿಳಿಹುಬ್ಬಿನ ಬಾತು ಹೊಸಬರಿಗೆ ಮೋಸ ಮಾಡುತ್ತದೆ: ಡಿಸೆಂಬರ್‌ನಲ್ಲಿ ಗಂಡಿಗೂ ಆ ಬಿಳಿ ಹುಬ್ಬು ಸಾಮಾನ್ಯವಾಗಿ ಬಂದಿರುವುದಿಲ್ಲ, ಎಲ್ಲವೂ ಹೆಣ್ಣಿನಂತೆ ಕಂದು. ಹುಬ್ಬು ಎದ್ದು ಕಾಣುವುದು ಮರಳಿ ಹೋಗುವ ಕಾಲ ಹತ್ತಿರವಾದಾಗ. ಗುಳುಮುಳುಕ, ನಾಮದ ಕೋಳಿ, ಬೂದು ಬಕ ಊರಿನವೇ ಎನ್ನುವಷ್ಟು ಸಾಮಾನ್ಯ.

ಕೆರೆಗೆ ಹೋಗದವರಿಗೂ ಹಕ್ಕಿಗಳಿಗೇನೂ ಕೊರತೆಯಿಲ್ಲ. ಮಿಲ್ಲಿಗೆ ಹೋಗುವ ದಾರಿಯ ತಂತಿಯ ಮೇಲೆ ಕಂದು ಕೀಚುಗ, ಕಣದ ಅಂಚಿನಲ್ಲಿ ಬಾಲ ಕುಣಿಸುವ ಸಿಪಿಲೆ, ರಾಗಿಗೆ ಬರುವ ಮುನಿಯಗಳು, ಹಿಂಡು ಹಿಂಡಾಗಿ ಗುಲಾಬಿ ಕಬ್ಬಕ್ಕಿ. ನೀಲಗಿರಿ ತೋಪುಗಳ ಒಳಗೆ ಮಾತ್ರ ಹೆಚ್ಚು ಹುಡುಕಿ ಫಲವಿಲ್ಲ. ಏಷ್ಯಾದಾದ್ಯಂತ ನೀರುಹಕ್ಕಿಗಳ ಗಣತಿ ನಡೆಯುವುದೂ ಜನವರಿಯಲ್ಲೇ; 1987ರಿಂದ ನಡೆದುಬಂದಿರುವ ಈ ಕೆಲಸ ಹವ್ಯಾಸಿಗಳ ದುಡಿಮೆಯಿಂದಲೇ ಸಾಗಿದೆ.

ಕೆರೆಯಿಂದ ಹಿಂತಿರುಗುವ ದಾರಿಯಲ್ಲಿ ಅವರೆಕಾಯಿಯ ರಾಶಿಗಳು. ಕೊಳ್ಳುವವರು ಮೊದಲು ಕಾಯಿ ಕೈಗೆ ತಿಕ್ಕಿ ಮೂಸುತ್ತಾರೆ. ಸಿಪ್ಪೆಯ ಮೇಲಿನ ಅಂಟಂಟು ಎಣ್ಣೆಯೇ ಸೊಗಡು. ಇಬ್ಬನಿ ಬಿದ್ದಷ್ಟೂ ಅದು ಏರುತ್ತದೆ ಎಂಬುದು ಬೆಳೆಗಾರರ ಮಾತು. ನಾಟಿ ಅವರೆ ಹಗಲು ಕಿರಿದಾದಾಗಲೇ ಹೂ ಬಿಡುವ ಗಿಡ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಈ ಕಟ್ಟು ಮುರಿದು ವರ್ಷವಿಡೀ ಕಾಯಿ ಕೊಡುತ್ತವೆ. ಆದರೂ ಮಾಗಿಯ ಕಾಯಿಯ ಪರಿಮಳಕ್ಕೆ ಸಾಟಿಯಿಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ.

ಅದೇ ಕಾಳು ಬೆಳಗ್ಗೆ ಉಪ್ಪಿಟ್ಟಿಗೆ, ಅಕ್ಕಿರೊಟ್ಟಿಗೆ ಬೀಳುತ್ತದೆ. ಹಿತಕಿದ ಬೇಳೆಗೆ ತಾಳ್ಮೆ ಬೇಕು. ಕಾಳನ್ನು ರಾತ್ರಿಯಿಡೀ ನೆನೆಸಿ, ಹೆಬ್ಬೆರಳು ತೋರುಬೆರಳ ನಡುವೆ ಒಂದೊಂದಾಗಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮುತ್ತದೆ. ತಟ್ಟೆಯನ್ನು ಹತ್ತಿರ ಹಿಡಿಯದಿದ್ದರೆ ಅರ್ಧ ನೆಲದ ಪಾಲು. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಕೊತ್ತಂಬರಿ, ಚಕ್ಕೆ, ಲವಂಗ, ಗಸಗಸೆ, ತೆಂಗಿನಕಾಯಿ ರುಬ್ಬಿದ ಮಸಾಲೆ ಕುದಿದ ಮೇಲೆ ಬೇಳೆ ಹಾಕಬೇಕು. ಮೊದಲೇ ಹಾಕಿದರೆ ಕರಗಿ ಗಂಜಿಯಾಗುತ್ತದೆ. ಜೊತೆಗೆ ಮುದ್ದೆ. ಎಸರು ಕುದಿಯುವಾಗ ಹಿಟ್ಟು ಸುರಿದು, ಉರಿ ತಗ್ಗಿಸಿ ಬೇಯಲು ಬಿಟ್ಟು, ಆಮೇಲೆ ಕೋಲಿನಿಂದ ಗಂಟಾಗದಂತೆ ತಿರುವಿ ಕಟ್ಟುತ್ತಾರೆ. ಅಕ್ಕಡಿ ಸಾಲಿನ ಹುಚ್ಚೆಳ್ಳು ಚಟ್ನಿಪುಡಿಯಾಗಿ ತಟ್ಟೆಯ ಅಂಚಿಗೆ ಬರುತ್ತದೆ. ಸಾರಿಗೆ ಹೋಗಿ ಉಳಿದ ಬೇಳೆಯನ್ನು ಬಟ್ಟೆಯ ಮೇಲೆ ಆರಿಸಿ, ಎಣ್ಣೆಯಲ್ಲಿ ಕರಿದು, ಉಪ್ಪು ಖಾರ, ಕರಿಬೇವು ಬೆರೆಸಿ ಡಬ್ಬಿಗೆ ತುಂಬಿದರೆ ಮುಂದಿನ ಶನಿವಾರದವರೆಗೂ ಗರಿಗರಿಯಾಗಿರುತ್ತದೆ.